ಪರೀಕ್ಷೆಯೇ ಇಲ್ಲದ ತೀರ್ಪು

“ಹಳೇದಾಗ್ಯಾದ್ರಿ ಇದು. ಇದರ ಮ್ಯಾಲ ಇನ್ನ ರೊಕ್ಕ ಹಾಕಬ್ಯಾಡ್ರಿ, ಹೊಸದು ತಗೋರಿ.” ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿಗೇ ಹೋಗಿ, ಪರದೆ ಮಿಣುಕುವ ಹಳೆಯ ಲ್ಯಾಪ್‌ಟಾಪನ್ನು ಮುಂದಿಟ್ಟರೆ ಮೊದಲು ಸಿಗುವ ಸಲಹೆ ಇದೇ. ಅಂಗಡಿಯವರು ಹೇಳುತ್ತಾರೆ, ಕಾಲೇಜಿನ ಗೆಳೆಯರು ಹೇಳುತ್ತಾರೆ, ಬೆಂಗಳೂರಿನಲ್ಲಿ ನೌಕರಿಗಿರುವ ಅಣ್ಣನೂ ಫೋನಿನಲ್ಲಿ ಅದನ್ನೇ ಹೇಳುತ್ತಾನೆ. ಹೇಳುವವರಲ್ಲಿ ಬಹಳ ಮಂದಿಗೆ ಕೆಟ್ಟ ಉದ್ದೇಶವಿಲ್ಲ. ಆದರೂ ಈ ಸಲಹೆ ತಪ್ಪು, ಮತ್ತು ಇದರ ಬೆಲೆ ತೆರುತ್ತಿರುವವರು ನಮ್ಮಲ್ಲಿ ಅತ್ಯಂತ ಕಡಿಮೆ ದುಡ್ಡಿರುವವರು. ಆದ್ದರಿಂದ ಇದನ್ನು ಬಹಿರಂಗವಾಗಿ ಖಂಡಿಸಬೇಕಾಗಿದೆ.

ಈ ಮಾತಿನೊಳಗೆ ಮೂರು ನಂಬಿಕೆಗಳಿವೆ. ಪರದೆ ಮಿಣುಕಿತೆಂದರೆ ಯಂತ್ರದ ಆಯುಷ್ಯ ತೀರಿತು ಎಂಬುದು ಮೊದಲನೆಯದು. ಹಳೆಯದಕ್ಕೆ ಹಾಕಿದ ದುಡ್ಡೆಲ್ಲ ದಂಡ ಎಂಬುದು ಎರಡನೆಯದು. ನಮ್ಮಂಥ ಸಣ್ಣ ಊರಿನಲ್ಲಿ ಇದನ್ನು ಸರಿಮಾಡುವವರಿಲ್ಲ, ಬಿಡಿಭಾಗವೂ ಸಿಗುವುದಿಲ್ಲ ಎಂಬುದು ಮೂರನೆಯದು. ಮೂರನ್ನೂ ಒಂದೊಂದಾಗಿ ತೆಗೆದುಕೊಳ್ಳೋಣ.

ಮಿಣುಕು ಎನ್ನುವುದು ರೋಗದ ಹೆಸರಲ್ಲ, ಲಕ್ಷಣ. ಚಿತ್ರವೊಂದು ಪರದೆಯ ಮೇಲೆ ಮೂಡಬೇಕಾದರೆ ಎಷ್ಟು ಕೈ ದಾಟಿ ಬರಬೇಕು ನೋಡಿ. ಮದರ್‌ಬೋರ್ಡಿನ ಮೇಲಿರುವ ಗ್ರಾಫಿಕ್ಸ್ ಚಿಪ್ ಚಿತ್ರವನ್ನು ಕಟ್ಟುತ್ತದೆ. ಅದಕ್ಕೆ ಡ್ರೈವರ್ ಎಂಬ ತಂತ್ರಾಂಶ ಆಜ್ಞೆ ಕೊಡುತ್ತದೆ. ಅಲ್ಲಿಂದ ಹೊರಟ ಸಂಕೇತ, ಕೂದಲಿನಷ್ಟು ತೆಳುವಾದ ತಂತಿಗಳ ಡಿಸ್‌ಪ್ಲೇ ಕೇಬಲ್ ಮೂಲಕ ಹಿಂಜ್ ಬಳಸಿ ಮುಚ್ಚಳದೊಳಕ್ಕೆ ಏರುತ್ತದೆ. ಪ್ಯಾನೆಲ್ಲಿನ ಬೆನ್ನಿಗಿರುವ ಸಣ್ಣ ಬೋರ್ಡು ಅದನ್ನು ಬಿಡಿಸಿ ಸಾಲು ಸಾಲಾಗಿ ಹಂಚುತ್ತದೆ. ಹಿಂದಿನಿಂದ ಬ್ಯಾಕ್‌ಲೈಟ್ ಬೆಳಕು ಚೆಲ್ಲುತ್ತದೆ. ಇಷ್ಟಕ್ಕೂ ಚಾರ್ಜರ್ ಮತ್ತು ಬ್ಯಾಟರಿ ಕರೆಂಟು ಕೊಡಬೇಕು. ಈ ದಾರಿಯಲ್ಲಿ ಎಲ್ಲಿ ತೊಡಕಾದರೂ ಕಣ್ಣಿಗೆ ಕಾಣುವುದು ಒಂದೇ: ಪರದೆ ಹೊಯ್ದಾಡುತ್ತದೆ. ಕೆಲವು ತೊಡಕುಗಳಿಗೆ ಒಂದು ಪೈಸೆಯೂ ಖರ್ಚಿಲ್ಲ, ಕೆಲವಕ್ಕೆ ಸಾವಿರದಿಂದ ಐದು ಸಾವಿರ, ಒಂದಕ್ಕೆ ಮಾತ್ರ ನಿಜಕ್ಕೂ ಭಾರಿ ಖರ್ಚು. ಯಂತ್ರ ಯಾವ ವರ್ಷ ಕೊಂಡದ್ದು ಎಂಬ ಮಾಹಿತಿಯೊಂದರಿಂದಲೇ ಇವುಗಳಲ್ಲಿ ಯಾವುದೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಹೇಳುವವರು ಊಹಿಸುತ್ತಿದ್ದಾರೆ, ಆ ಊಹೆಗೆ ದುಡ್ಡು ಕೊಡುವವರು ನಾವು.

ಊಹೆ ಏಕೆ ಬೇಕು? ಪರೀಕ್ಷೆಗಳಿವೆ. ಸ್ಕ್ರೂಡ್ರೈವರ್ ಮುಟ್ಟದೆ, ಹತ್ತನೇ ತರಗತಿಯ ಮಕ್ಕಳೂ ಮಾಡಬಹುದಾದ ಪರೀಕ್ಷೆಗಳು. ಮೊದಲನೆಯದು, ಯಂತ್ರ ಚಾಲೂ ಆಗುವಾಗಲೇ ಬಯೋಸ್ ಪುಟಕ್ಕೆ ಹೋಗುವುದು. ಕಂಪನಿಗೆ ತಕ್ಕಂತೆ ಎಫ್2, ಎಫ್10, ಎಸ್ಕೇಪ್ ಅಥವಾ ಡಿಲೀಟ್ ಕೀಲಿ ಒತ್ತಿದರೆ ಅದು ತೆರೆಯುತ್ತದೆ. ವಿಂಡೋಸ್ ಇನ್ನೂ ಎದ್ದಿರದ ಆ ಪುಟದಲ್ಲಿ ಪರದೆ ಕದಲದೆ ನಿಂತರೆ ದೋಷ ಬಹುಮಟ್ಟಿಗೆ ತಂತ್ರಾಂಶದ್ದು. ಅಲ್ಲಿಯೂ ಮಿಣುಕಿದರೆ ಯಂತ್ರಭಾಗದ್ದು. ಎರಡನೆಯದು, ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕುವುದು. ಹಳೆಯ ಯಂತ್ರವಾದರೆ ವಿಜಿಎ ಇರುವ ಮಾನಿಟರಿಗೆ. ಟಿವಿಯಲ್ಲಿ ಚಿತ್ರ ಸ್ಥಿರವಾಗಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ ಹೊಯ್ದಾಡಿದರೆ ಮದರ್‌ಬೋರ್ಡಿನ ಬಗ್ಗೆ ಭಯ ಬೇಡ. ದೋಷ ಬಹುಮಟ್ಟಿಗೆ ಕೇಬಲ್, ಪ್ಯಾನೆಲ್ ಅಥವಾ ಬ್ಯಾಕ್‌ಲೈಟಿನಲ್ಲಿದೆ. ಎರಡರಲ್ಲೂ ಹೊಯ್ದಾಡಿದರೆ ಡ್ರೈವರ್ ಅಥವಾ ಗ್ರಾಫಿಕ್ಸ್ ಚಿಪ್.

ಮೂರನೆಯದು ಅತಿ ಸರಳ: ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಮಾಡುವುದು. ಒಂದು ಕೋನದಲ್ಲಿ ಸರಿಯಾಗಿ, ಇನ್ನೊಂದರಲ್ಲಿ ಗೆರೆ ಬಿದ್ದು ಅಥವಾ ಕಪ್ಪಾಗಿ ಹೋದರೆ ಡಿಸ್‌ಪ್ಲೇ ಕೇಬಲ್ ಎಂದೇ ಹಿಡಿಯಬಹುದು. ಮುಚ್ಚಳ ತೆಗೆದು ಮುಚ್ಚುವಾಗಲೆಲ್ಲ ಆ ಕೇಬಲ್ ಹಿಂಜಿನ ಬಳಿ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಒಳತಂತಿ ಸವೆಯುತ್ತದೆ, ಇಲ್ಲವೇ ತುದಿಯ ಸಾಕೆಟ್ಟಿನಲ್ಲಿ ಸಡಿಲವಾಗುತ್ತದೆ. ನಾಲ್ಕನೆಯದು, ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ನಡೆಸಿ ನೋಡುವುದು. ಚಾರ್ಜರ್ ಹಾಕಿದಾಗ ಮಾತ್ರ ಮಿಣುಕಿದರೆ ಅಡಾಪ್ಟರನ್ನೂ ಮನೆಯ ವೈರಿಂಗನ್ನೂ ನೋಡಬೇಕು. ಬ್ಯಾಟರಿಯಲ್ಲಿ ಮಾತ್ರ ಮಿಣುಕಿದರೆ ವಿದ್ಯುತ್ ಉಳಿಸುವ ಸೆಟ್ಟಿಂಗು ಪರದೆಯ ರಿಫ್ರೆಶ್ ದರವನ್ನೋ ಬೆಳಕನ್ನೋ ತಗ್ಗಿಸುತ್ತಿರಬಹುದು. ಐದನೆಯದು ಬ್ರೈಟ್‌ನೆಸ್ ಪೂರ್ತಿ ಏರಿಸುವುದು. ಮಂದ ಬೆಳಕಿನಲ್ಲಿ ಮಾತ್ರ ಮಿಣುಕಿದರೆ ಅದು ಬ್ಯಾಕ್‌ಲೈಟಿನ ಮಾತು. ಪರದೆ ಪೂರ್ತಿ ಕತ್ತಲಾದಾಗ ಟಾರ್ಚ್ ಓರೆಯಾಗಿ ಹಿಡಿದರೆ ಒಳಗೆ ಚಿತ್ರ ಮಸುಕಾಗಿ ಕಂಡಿತೋ, ಪ್ಯಾನೆಲ್ ಕೆಲಸ ಮಾಡುತ್ತಿದೆ, ಬೆಳಕಷ್ಟೇ ಹೋಗಿದೆ.

ವಿಂಡೋಸಿನೊಳಗೂ ಒಂದು ನಿರ್ಣಾಯಕ ಪರೀಕ್ಷೆಯಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಸುತ್ತಲಿನದೆಲ್ಲ ಹೊಯ್ದಾಡುತ್ತಿದ್ದು ಆ ಕಿಟಕಿ ಮಾತ್ರ ಗಟ್ಟಿಯಾಗಿ ನಿಂತರೆ ಯಾವುದೋ ಹೊಂದಿಕೆಯಾಗದ ಆ್ಯಪ್ ತೊಂದರೆ ಕೊಡುತ್ತಿದೆ. ಅದೂ ಸೇರಿ ಹೊಯ್ದಾಡಿದರೆ ಡಿಸ್‌ಪ್ಲೇ ಡ್ರೈವರಿನ ಮೇಲೆ ಅನುಮಾನ ಇಡಬೇಕು. ಆಗ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸುವುದು, ಇಲ್ಲವೇ ತೆಗೆದು ತಯಾರಕರ ಅಧಿಕೃತ ತಾಣದಿಂದ ಹೊಸದಾಗಿ ಹಾಕುವುದು ಪರಿಹಾರ. ಇಷ್ಟೂ ಪರೀಕ್ಷೆಗಳಿಗೆ ಒಂದು ತಾಸು ಸಾಕು. ಆ ಒಂದು ತಾಸನ್ನು ಉಳಿಸಲು ನಾವು ನಲವತ್ತು ಸಾವಿರ ರೂಪಾಯಿಯ ನಿರ್ಧಾರ ಮಾಡುತ್ತಿದ್ದೇವೆ.

ಇಲ್ಲಿ ಇನ್ನೊಂದು ದೊಡ್ಡ ತಪ್ಪು ಅಭ್ಯಾಸವನ್ನೂ ಹೆಸರಿಸಬೇಕು. “ಫಾರ್ಮ್ಯಾಟ್ ಹೊಡೆದ್ರ ಸರಿ ಆಗ್ತದ್ರಿ” ಎಂಬುದು ಹೊಸದು ಕೊಳ್ಳಿ ಎನ್ನದವರ ಸಿದ್ಧ ಉತ್ತರ. ಕೇಬಲ್ ಸವೆದಿರುವ ಯಂತ್ರಕ್ಕೆ ಎಷ್ಟು ಸಲ ವಿಂಡೋಸ್ ಹಾಕಿದರೂ ಕೇಬಲ್ ಕೂಡುವುದಿಲ್ಲ. ಹೋಗುವುದು ಮಾತ್ರ ಗ್ಯಾರಂಟಿ: ಪ್ರಾಜೆಕ್ಟ್ ವರದಿ, ಸ್ಕ್ಯಾನ್ ಮಾಡಿಟ್ಟ ಅಂಕಪಟ್ಟಿ, ಮದುವೆಯ ಫೋಟೊ, ಅಡತ್ ಅಂಗಡಿಯ ವರ್ಷದ ಲೆಕ್ಕ. ಬಯೋಸ್ ಪುಟ ಮಿಣುಕುತ್ತದೆಯೇ ಎಂದು ನೋಡದೆ ಫಾರ್ಮ್ಯಾಟ್ ಮಾಡುವವರಿಗೆ ಯಂತ್ರವನ್ನು ಒಪ್ಪಿಸಬಾರದು. ಪೆನ್‌ಡ್ರೈವಿನಿಂದ ಉಬುಂಟುವಿನಂಥ ಲಿನಕ್ಸ್ ಏರಿಸಿ ನೋಡಿದರೆ ಡಿಸ್ಕಿನಲ್ಲಿ ಒಂದಕ್ಷರ ಅಳಿಸದೆಯೇ ದೋಷ ವಿಂಡೋಸಿನದೋ ಯಂತ್ರದ್ದೋ ತಿಳಿಯುತ್ತದೆ. ಇಷ್ಟು ಸುಲಭ ದಾರಿಯಿರುವಾಗ ಅಳಿಸುವುದರಿಂದಲೇ ಶುರುಮಾಡುವುದು ಅಕ್ಷಮ್ಯ.

ನಮ್ಮ ಸೀಮೆಯ ಹವೆ ಮತ್ತು ನೆಲವನ್ನು ಲೆಕ್ಕಕ್ಕೆ ಹಿಡಿಯದೆ ಯಂತ್ರದ ಮೇಲೆ ತಪ್ಪು ಹೊರಿಸುವುದೂ ಅನ್ಯಾಯ. ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು ನಲವತ್ತು ಡಿಗ್ರಿ ದಾಟುವುದು ಪ್ರತಿವರ್ಷದ ಮಾತು. ಸುತ್ತ ಸುಣ್ಣದಕಲ್ಲಿನ ಗಣಿ, ಪರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಯೂನಿಟ್ಟು, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆ. ಆ ಧೂಳು ಲ್ಯಾಪ್‌ಟಾಪಿನ ಫ್ಯಾನಿನೊಳಗೆ ಕಂಬಳಿ ಹಾಸಿ ಕೂಡುತ್ತದೆ. ಗಾಳಿ ಆಡದೆ ಚಿಪ್ ಕಾಯುತ್ತದೆ. ಬೆಳಿಗ್ಗೆ ಸರಿಯಿದ್ದ ಪರದೆ ಅರ್ಧ ತಾಸಿನ ಕೆಲಸದ ನಂತರ ಮಿಣುಕತೊಡಗಿದರೆ ಮೊದಲು ಮಾಡಬೇಕಾದದ್ದು ಫ್ಯಾನ್ ಶುಚಿ ಮತ್ತು ಚಿಪ್ಪಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಾವಣೆ. ಬಂಡೆ ನೆಲದಲ್ಲಿ ಅರ್ಥಿಂಗ್ ಚೆನ್ನಾಗಿ ಸಿಗುವುದು ಕಷ್ಟ. ಮೂರು ಪಿನ್ನಿನ ಚಾರ್ಜರಿಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿ ಇರುವ ಅರ್ಥನ್ನೂ ನಾವೇ ಕಡಿಯುತ್ತೇವೆ. ಮೈ ಮುಟ್ಟಿದರೆ ಝುಮ್ಮೆನ್ನುವ ಲ್ಯಾಪ್‌ಟಾಪಿನ ಪರದೆ ನಡುಗಿದರೆ ಪರದೆಯ ತಪ್ಪೇನು? ಕರೆಂಟು ಹೋದಾಗ ಅಗ್ಗದ ಇನ್ವರ್ಟರಿನ ಮೇಲೆ, ಡೂಪ್ಲಿಕೇಟ್ ಚಾರ್ಜರಿನಲ್ಲಿ ನಡೆಸಿದರೂ ಇದೇ ಲಕ್ಷಣ ಕಾಣಬಹುದು. ಈ ಮನೆಗೆ ಹೊಸ ಲ್ಯಾಪ್‌ಟಾಪ್ ತಂದರೂ ಅದೇ ಸಾಕೆಟ್ಟಿಗೇ ಸಿಕ್ಕಿಸುತ್ತೀರಿ. ಕಾರಣ ಗೋಡೆಯಲ್ಲಿರುವಾಗ ಖರೀದಿಯಿಂದ ಏನು ಬದಲಾದೀತು?

ಎರಡನೆಯ ನಂಬಿಕೆಗೆ ಬರೋಣ: ಹಳೆಯದಕ್ಕೆ ಹಾಕಿದ ದುಡ್ಡು ದಂಡ. ಲೆಕ್ಕ ಹಾಕಿಯೇ ನೋಡೋಣ. ಸಾಮಾನ್ಯ ಮಾದರಿಯ ಡಿಸ್‌ಪ್ಲೇ ಕೇಬಲ್ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. 15.6 ಇಂಚಿನ ಸಾಧಾರಣ ಪ್ಯಾನೆಲ್ ಮೂರರಿಂದ ಐದು ಸಾವಿರ. ಕೆಲಸಕ್ಕೆ ಬರುವ ಹೊಸ ಲ್ಯಾಪ್‌ಟಾಪ್ ನಲವತ್ತು ಸಾವಿರದ ಹತ್ತಿರ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಂದರೆ ಹೊಸ ಲ್ಯಾಪ್‌ಟಾಪಿಗೆ ಐದು ಕ್ವಿಂಟಲ್ ತೊಗರಿ ಮಾರಬೇಕು. ಮಳೆ ನಂಬಿದ ಹೊಲದಲ್ಲಿ ಅದು ಸಾಮಾನ್ಯವಾಗಿ ಒಂದು ಎಕರೆಯ ಬೆಳೆಗಿಂತ ಹೆಚ್ಚು. ಕೇಬಲ್ಲಿಗೆ ಹನ್ನೆರಡು ಹದಿಮೂರು ಕಿಲೋ ಸಾಕು. ಚಿಂಚೋಳಿಯ ತಾಂಡಾದಿಂದ ಡಿಗ್ರಿ ಓದಲು ಬರುವ ಹುಡುಗಿಯ ಮನೆಯಲ್ಲಿ ಈ ಎರಡು ಮೊತ್ತಗಳ ನಡುವಿನ ಅಂತರ ಎಂದರೆ ಓದು ಮುಂದುವರಿಯುವುದಕ್ಕೂ ನಿಲ್ಲುವುದಕ್ಕೂ ಇರುವ ಅಂತರ. ಅವಳಿಗೆ “ಹೊಸದು ತಗೋ” ಎನ್ನುವುದು ಸಲಹೆಯಾಗುವುದಿಲ್ಲ. ಅದು ಅವಳ ತಂದೆಯನ್ನು ಕಂತಿನ ಸಾಲಕ್ಕೆ ನೂಕುವ ಮಾತು.

ಲ್ಯಾಪ್‌ಟಾಪ್ ಇವತ್ತು ನಮ್ಮಲ್ಲಿ ಶೋಕಿಯ ವಸ್ತುವಾಗಿ ಉಳಿದಿಲ್ಲ. ಗ್ರಾಮ ಒನ್ ಕೇಂದ್ರ, ಝೆರಾಕ್ಸ್ ಅಂಗಡಿಯ ಮೂಲೆಯ ಆನ್‌ಲೈನ್ ಸೆಂಟರ್, ಇವೆಲ್ಲ ನಡೆಯುವುದು ಒಂದೆರಡು ಹಳೆಯ ಯಂತ್ರಗಳ ಮೇಲೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಬೆಳೆ ವಿಮೆಯ ಕೊನೆ ದಿನಾಂಕ ಎಲ್ಲವೂ ಆ ಪರದೆಯ ಮೇಲೆ ನಿಂತಿವೆ. ಸರ್ಕಾರವೇ ಪದವಿ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪುಗಳು ಈಗ ಹಳೆಯವಾಗುತ್ತಿವೆ. ಅವುಗಳನ್ನೆಲ್ಲ ಮಿಣುಕಿದ ಕ್ಷಣವೇ ಅಟ್ಟಕ್ಕೆ ಹಾಕುವುದು ಸಾರ್ವಜನಿಕ ಹಣವನ್ನೇ ಅಟ್ಟಕ್ಕೆ ಹಾಕಿದಂತೆ.

ನಮ್ಮ ಊರಿನವರಿಗೆ ದುರಸ್ತಿಯ ವಿವೇಕ ಗೊತ್ತಿಲ್ಲ ಎಂದು ಯಾರೂ ಹೇಳಲಾರರು. ಶಹಾಬಾದ್, ವಾಡಿಯ ಮನೆಮನೆಗಳಲ್ಲಿ ಸಿಮೆಂಟ್ ಕಾರ್ಖಾನೆಯ ಕೆಲಸ ಬಲ್ಲವರಿದ್ದಾರೆ. ಕಿಲ್ನ್ ಎಂಬ ಕುಲುಮೆಯ ಒಳಗಿನ ಬೆಂಕಿ ಇಟ್ಟಿಗೆ ಸವೆದಾಗ ಯಾವ ಇಂಜಿನಿಯರೂ ಕಿಲ್ನ್ ಬಿಸಾಡಿ ಹೊಸ ಕಿಲ್ನ್ ತರಿಸುವುದಿಲ್ಲ. ಶಟ್‌ಡೌನ್ ತೆಗೆದುಕೊಂಡು, ಒಳಗಿಳಿದು, ಎಷ್ಟು ಮೀಟರಿನಿಂದ ಎಷ್ಟು ಮೀಟರಿನವರೆಗೆ ಇಟ್ಟಿಗೆ ಹೋಗಿದೆ ಎಂದು ಅಳೆದು, ಅಷ್ಟನ್ನೇ ಬದಲಿಸಿ ಮತ್ತೆ ಬೆಂಕಿ ಹಚ್ಚುತ್ತಾರೆ. ಸವೆಯುವ ಭಾಗ ಬೇರೆ, ಯಂತ್ರ ಬೇರೆ ಎಂಬ ಈ ತಿಳಿವಳಿಕೆ ಕಾರ್ಖಾನೆಯ ಗೇಟಿನೊಳಗೆ ಪಾಠ, ಮನೆಗೆ ಬಂದ ಕೂಡಲೇ ಮರೆವು ಎಂದಾಗಬಾರದು. ಡಿಸ್‌ಪ್ಲೇ ಕೇಬಲ್ ಸವೆಯುವ ಭಾಗ. ಪ್ಯಾನೆಲ್ ಬದಲಿಸಬಹುದಾದ ಭಾಗ.

ಮೂರನೆಯ ನಂಬಿಕೆ, ನಮ್ಮೂರಲ್ಲಿ ಏನೂ ಸಿಗುವುದಿಲ್ಲ ಎಂಬುದು. ನಕ್ಷೆಯನ್ನು ನೋಡಿದರೆ ಈ ನಂಬಿಕೆ ಕುಸಿಯುತ್ತದೆ. ಸಿಕಂದರಾಬಾದಿನಿಂದ ವಾಡಿಗೆ ಬರುವ ರೈಲುಮಾರ್ಗ ನಿಜಾಮರ ಕಾಲದ್ದು, 1874ರದ್ದು. ಸೇಡಂ, ಮಳಖೇಡ ರೋಡ್, ಚಿತ್ತಾಪುರ ಅದೇ ಮಾರ್ಗದ ನಿಲ್ದಾಣಗಳು. ವಾಡಿಯಿಂದ ಕಲಬುರಗಿಯ ಕಡೆ ಹೊರಟರೆ ಶಹಾಬಾದ್. ಆ ಮಾರ್ಗದ ಇನ್ನೊಂದು ತುದಿಯಲ್ಲಿ, ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿ, ಚೆನಾಯ್ ಟ್ರೇಡ್ ಸೆಂಟರ್ ಇದೆ. ಕಂಪ್ಯೂಟರ್ ಬಿಡಿಭಾಗಗಳಿಗೆ ದಕ್ಷಿಣ ಭಾರತದಲ್ಲಿ ಹೆಸರಾದ ಮಾರುಕಟ್ಟೆ. ಚಿಂಚೋಳಿಗೆ ರೈಲಿಲ್ಲ, ಆದರೆ ತೆಲಂಗಾಣದ ಗಡಿ ಅದರ ಮಗ್ಗುಲಲ್ಲೇ ಇದೆ. ಬೇಕಾದದ್ದು ಸರಿಯಾದ ಕೋಡ್ ಮಾತ್ರ. ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ ಅದರ ಮಾದರಿ ಸಂಖ್ಯೆ ಇರುತ್ತದೆ. ಅದನ್ನೂ, ಸಾಕೆಟ್ಟು 30 ಪಿನ್ನಿನದೋ 40 ಪಿನ್ನಿನದೋ ಎಂಬುದನ್ನೂ ಫೋಟೊ ತೆಗೆದು ಕಳಿಸಿದರೆ ಅದೇ ಪ್ಯಾನೆಲ್ ಅಥವಾ ಹೊಂದುವ ಬೇರೆ ಕಂಪನಿಯ ಪ್ಯಾನೆಲ್ ತರಿಸಬಹುದು. ಪಿನ್ ಎಣಿಸದೆ ತರಿಸಿ, ಕೂಡದೆ ಹೋದಾಗ “ನೋಡ್ರಿ, ಹಳೇದಕ್ಕ ಸಾಮಾನು ಸಿಗಂಗಿಲ್ಲ” ಎನ್ನುವುದು ನ್ಯಾಯವಲ್ಲ.

ಎದುರುವಾದದಲ್ಲಿ ಸತ್ಯವೂ ಇದೆ. ಅದನ್ನು ಮುಚ್ಚಿಟ್ಟರೆ ನನ್ನ ವಾದವೇ ಸಣ್ಣದಾಗುತ್ತದೆ. ಗ್ರಾಫಿಕ್ಸ್ ಚಿಪ್ಪೇ ಹೋಗಿದ್ದರೆ, ಹೊರಗಿನ ಟಿವಿಯಲ್ಲೂ ಬಯೋಸ್ ಪುಟದಲ್ಲೂ ಚೌಕ ಚೌಕ ಕಲೆ ಬೀಳುತ್ತಿದ್ದರೆ, ಖರ್ಚು ಮಾಡುವ ಮೊದಲು ಎರಡು ಸಲ ಯೋಚಿಸಬೇಕು. ಅಂಥ ಚಿಪ್ಪನ್ನು ಬಿಸಿಗಾಳಿಯಲ್ಲಿ ಕಾಯಿಸಿ ಕೊಡುವ ರಿಪೇರಿ ಹೆಚ್ಚು ದಿನ ಬಾಳುವುದಿಲ್ಲ; ಅದನ್ನು ಖಾಯಂ ಪರಿಹಾರವೆಂದು ಮಾರುವುದು ಮೋಸ. ಬ್ಯಾಟರಿ ಉಬ್ಬಿ ಕೀಬೋರ್ಡನ್ನು ಎತ್ತಿ ಹಿಡಿದಿದ್ದರೆ ಪರದೆಯ ಚಿಂತೆ ಆಮೇಲೆ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಚುಚ್ಚದೆ, ಒತ್ತದೆ, ಬಲ್ಲವರಿಂದ ತೆಗೆಸಬೇಕು. ಹದಿನೈದು ವರ್ಷ ಮೀರಿದ ಕೆಲವು ಯಂತ್ರಗಳಲ್ಲಿ ಬ್ಯಾಕ್‌ಲೈಟಿಗೆ ಸಣ್ಣ ಟ್ಯೂಬು ಮತ್ತು ಅದಕ್ಕೆ ನೂರಾರು ವೋಲ್ಟು ಕೊಡುವ ಇನ್ವರ್ಟರ್ ಬೋರ್ಡು ಇರುತ್ತದೆ. ಅದನ್ನು ಮನೆಯಲ್ಲಿ ಬಿಚ್ಚುವುದು ಬೇಡ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ಗಮನಿಸಿ, ಇವೆಲ್ಲ ಪರೀಕ್ಷೆ ಮಾಡಿದ ಮೇಲೆ ಬರುವ ತೀರ್ಮಾನಗಳು. ಪರೀಕ್ಷೆಯ ನಂತರ “ಬ್ಯಾಡ” ಎನ್ನುವ ಮೆಕ್ಯಾನಿಕ್ ಪ್ರಾಮಾಣಿಕ. ಪರೀಕ್ಷೆಗೆ ಮೊದಲೇ “ಬ್ಯಾಡ” ಎನ್ನುವವರ ಮಾತಿಗೆ ಕಿವಿಗೊಡಬೇಕಿಲ್ಲ.

“ಸರಿಮಾಡಿದರೂ ವಿಂಡೋಸ್ ನಡೆಯಂಗಿಲ್ಲಲ್ರಿ” ಎಂಬುದು ಇತ್ತೀಚಿನ ವಾದ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು; ವಿಂಡೋಸ್ 11 ಇಂಟೆಲಿನ ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಚಿಪ್ಪುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ನಿಜ. ಆದರೆ ಇದು ಒಂದು ಕಂಪನಿಯ ನಿರ್ಧಾರ, ಯಂತ್ರದ ಅಶಕ್ತತೆಯಲ್ಲ. ಅದೇ ಹಳೆಯ ಯಂತ್ರದ ಮೇಲೆ ಲಿನಕ್ಸ್ ಉಚಿತವಾಗಿ, ಸುರಕ್ಷತೆಯ ಪರಿಷ್ಕರಣೆಗಳೊಂದಿಗೆ ನಡೆಯುತ್ತದೆ. ಬ್ರೌಸರ್ ಇದೆ, ಕನ್ನಡ ಟೈಪಿಂಗ್ ಇದೆ, ಲೆಕ್ಕದ ಹಾಳೆ ಇದೆ. ಅರ್ಜಿ ತುಂಬಲು, ಓದಲು, ಬರೆಯಲು, ಪ್ರೋಗ್ರಾಮಿಂಗ್ ಕಲಿಯಲು ಅಷ್ಟು ಸಾಕು.

ಬಿಸಾಡಿದ ಯಂತ್ರ ಮಾಯವಾಗುವುದೂ ಇಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಅದರಲ್ಲಿ ಶೇ. 22.3 ಮಾತ್ರ. ನಮ್ಮ ದೇಶದಲ್ಲಿ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೂ ತಾಲ್ಲೂಕು ಊರಿನ ಲ್ಯಾಪ್‌ಟಾಪ್ ಗುಜರಿಗೆ ಹೋದರೆ ತಾಮ್ರಕ್ಕಾಗಿ ತಂತಿ ಸುಡುವ ಹೊಗೆಯೇ ಅದರ ಕೊನೆಯಾಗುವ ಸಾಧ್ಯತೆ ದೊಡ್ಡದು. ಸಿಮೆಂಟ್ ಧೂಳನ್ನು ಈಗಾಗಲೇ ಉಸಿರಾಡುತ್ತಿರುವ ಊರುಗಳಿಗೆ ಈ ಹೊಗೆಯೂ ಬೇಕೆ?

ಹೊಸದನ್ನೇ ಕೊಳ್ಳಿ ಎಂಬ ನಂಬಿಕೆ ತಾನಾಗಿ ಹುಟ್ಟಿದ್ದಲ್ಲ. ಮೆಮೊರಿಯನ್ನು ಬೋರ್ಡಿಗೇ ಬೆಸೆಯುವುದು, ಬ್ಯಾಟರಿಯನ್ನು ಅಂಟು ಹಾಕಿ ಕೂರಿಸುವುದು, ಬಿಡಿಭಾಗವನ್ನೂ ದುರಸ್ತಿ ಕೈಪಿಡಿಯನ್ನೂ ಹೊರಗಿನವರಿಗೆ ಕೊಡದಿರುವುದು ತಯಾರಕರ ವ್ಯಾಪಾರಕ್ಕೆ ಅನುಕೂಲ. ಇದರ ವಿರುದ್ಧ ಜಗತ್ತು ಎದ್ದಿದೆ. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪ್ ಸೇರಿದಂತೆ ಹಲವು ವಸ್ತುಗಳ ಮೇಲೆ, ಇದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬ ಅಂಕವನ್ನು ನಮೂದಿಸುವುದನ್ನು ಕಡ್ಡಾಯ ಮಾಡಿತು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಅದಕ್ಕಾಗಿ ಪೋರ್ಟಲ್ ತೆರೆಯಿತು. ಪೋರ್ಟಲ್ ಹಕ್ಕಾಗಬೇಕಾದರೆ ಆ ಹಕ್ಕನ್ನು ಕೇಳುವವರು ಬೇಕು; ಮಿಣುಕಿದ ತಕ್ಷಣ ಹೊಸದಕ್ಕೆ ಹೊರಡುವ ಗ್ರಾಹಕರು ಏನನ್ನೂ ಕೇಳುವುದಿಲ್ಲ.

ಆ ಹಕ್ಕಿಗಾಗಿ ತಟ್ಟಬೇಕಾದ ಬಾಗಿಲುಗಳು ನಮ್ಮ ಊರುಗಳಲ್ಲೇ ಇವೆ. 2023ರಲ್ಲಿ ರಚನೆಯಾದ ರಾಜ್ಯ ಸರ್ಕಾರದಲ್ಲಿ ಐಟಿ-ಬಿಟಿ ಮತ್ತು ಗ್ರಾಮೀಣಾಭಿವೃದ್ಧಿ ಖಾತೆ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ ಅವರಿಗೆ, ಕೌಶಲ್ಯಾಭಿವೃದ್ಧಿ ಖಾತೆ ಸೇಡಂನ ಶಾಸಕ ಡಾ. ಶರಣಪ್ರಕಾಶ ಪಾಟೀಲ ಅವರಿಗೆ ಬಂತು. ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆ ಎಂಬ ತರಬೇತಿಯೇ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ. ಹೀಗಿರುವಾಗ ಈ ಐದು ಊರುಗಳಲ್ಲಿ ತಿಂಗಳಿಗೊಂದು ದಿನ ಸಾರ್ವಜನಿಕ ದುರಸ್ತಿ ಮೇಜು ಹಾಕುವುದು ಅಸಾಧ್ಯವೇ? ಒಂದು ಮಾನಿಟರ್, ಎಚ್‌ಡಿಎಂಐ ಮತ್ತು ವಿಜಿಎ ಕೇಬಲ್, ಲಿನಕ್ಸ್ ಹಾಕಿದ ಪೆನ್‌ಡ್ರೈವ್, ಸ್ಕ್ರೂಡ್ರೈವರ್ ಸೆಟ್, ಮಲ್ಟಿಮೀಟರ್ ಇಷ್ಟಿದ್ದರೆ ಸಾಕು. ದೋಷ ಎಲ್ಲಿದೆ ಎಂದು ಚೀಟಿಯಲ್ಲಿ ಬರೆದುಕೊಡಲಿ; ರಿಪೇರಿ ಎಲ್ಲಿ ಮಾಡಿಸಬೇಕೆಂಬುದು ಯಂತ್ರದ ಒಡೆಯರ ಇಷ್ಟ. ಚೀಟಿ ಕೈಯಲ್ಲಿದ್ದರೆ ಯಾವ ಕೌಂಟರಿನಲ್ಲೂ ಹೆದರಿಸಲು ಆಗುವುದಿಲ್ಲ, ಮತ್ತು ಚೀಟಿ ಬರೆಯುತ್ತ ಬರೆಯುತ್ತ ಐಟಿಐ ಹುಡುಗರಿಗೆ ಊರಲ್ಲೇ ಒಂದು ಕಸುಬು ನಿಲ್ಲುತ್ತದೆ. ಪುಣೆ, ಹೈದರಾಬಾದಿಗೆ ಕೆಲಸ ಹುಡುಕಿ ಹೋಗುವ ರೈಲಿನಲ್ಲಿ ಅವರಲ್ಲಿ ಕೆಲವರಾದರೂ ಕಡಿಮೆಯಾಗುತ್ತಾರೆ.

ಅಲ್ಲಿಯವರೆಗೆ ಗ್ರಾಹಕರಾಗಿ ನಾವು ಮಾಡಬೇಕಾದದ್ದು ಒಂದೇ. ಹಳೆಯದಾಯಿತು ಎಂದು ಯಾರಾದರೂ ಹೇಳಿದರೆ ಕೇಳಿ: ಬಯೋಸಿನಲ್ಲಿ ನೋಡಿದಿರಾ, ಟಿವಿಗೆ ಹಾಕಿದಿರಾ, ಮುಚ್ಚಳ ಅಲುಗಿಸಿದಿರಾ, ಚಾರ್ಜರ್ ತೆಗೆದು ನೋಡಿದಿರಾ? ನಾಲ್ಕಕ್ಕೂ ಉತ್ತರ ಕೊಟ್ಟವರ ಸಲಹೆಯನ್ನು, ಅದು ಹೊಸದು ಕೊಳ್ಳಿ ಎಂದಿದ್ದರೂ, ಗೌರವದಿಂದ ಸ್ವೀಕರಿಸಿ. ಉತ್ತರವಿಲ್ಲದವರ ಮುಂದಿನಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಡಿ. ದುಡಿದು ತಂದ ವಸ್ತುವನ್ನು ಪರೀಕ್ಷೆಯಿಲ್ಲದೆ ಬಿಸಾಡು ಎನ್ನುವ ಅಧಿಕಾರವನ್ನು ನಾವು ಯಾರಿಗೂ ಕೊಟ್ಟಿಲ್ಲ.